ಇಬ್ಬರು ಕಿಶೋರಿಯರು

ಕಿಶೋರಿಯ ಬಾಳನ್ನು ಹಿರಿಯರೇ ನಿರ್ಧರಿಸುತ್ತಿದ್ದ ಕಾಲದ ಚಿತ್ರವನ್ನು ಕನ್ನಡದ ಎರಡು ಕಾದಂಬರಿಗಳಲ್ಲಿ ಕಾಣಬಹುದು.

ಮೊದಲನೆಯದು ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ (1899). ವಿಧವಾವಿವಾಹಕ್ಕೆ 1856ರ ಕಾಯಿದೆ ಸಮ್ಮತಿಯಿತ್ತಿದ್ದರೂ ಸಮಾಜವು ಸಮ್ಮತಿಸಿರಲಿಲ್ಲ. ಎಳೆಯ ವಿಧವೆ ಇಂದಿರೆ ಹೆತ್ತವರ ಮನೆಯನ್ನು ತೊರೆದು ಅಮೃತರಾಯರ ಆಶ್ರಯ ಪಡೆಯುತ್ತಾಳೆ, ವಿದ್ಯೆ ಕಲಿಯುತ್ತಾಳೆ, ಭಾಸ್ಕರನನ್ನು ವರಿಸುತ್ತಾಳೆ.

ಎರಡನೆಯದು ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ (1976). ಇದು ಮಲೆನಾಡಿನ ನೈಜ ಜೀವನವೊಂದನ್ನು ಆಧರಿಸಿದೆ. ಒಂಬತ್ತನೆಯ ವಯಸ್ಸಿಗೆ ಮದುವೆ, ಬಹುಬೇಗನೆ ವೈಧವ್ಯ, ಹದಿಹರೆಯಕ್ಕೆ ಕಾಲಿಟ್ಟಾಗ ಕೇಶಮುಂಡನ. ಫಣಿ ಎದುರಾಡಲಿಲ್ಲ.

ಇಂದಿರೆಯದು ಧೈರ್ಯ, ಫಣಿಯಮ್ಮನದು ಬರಿಯ ಸಹನೆ ಎಂದು ಕೆಲವರಿಗೆ ತೋರಬಹುದು. ಈ ಅಭಿಪ್ರಾಯವು ಪೂರ್ಣ ಸತ್ಯವಲ್ಲ. ಇಂದಿರೆಗೆ ಬಾಗಿಲು ತೆರೆದ ಮನೆಯೊಂದಿತ್ತು; ಫಣಿಗೆ ಅದಿರಲಿಲ್ಲ. ಆದರೆ ಮುಂದೆ ದಾಕ್ಷಾಯಣಿಯೆಂಬ ತರುಣ ವಿಧವೆ ತಲೆ ಬೋಳಿಸಿಕೊಳ್ಳಲು ಒಪ್ಪದಿದ್ದಾಗ, ಮಡಿಯಲ್ಲಿಯೇ ಬಾಳು ಸವೆಸಿದ್ದ ಫಣಿಯಮ್ಮನೇ ಅವಳ ಪರವಾಗಿ ನಿಂತಳು. ತಾನುಂಡ ನೋವನ್ನು ಇನ್ನೊಬ್ಬಳಿಗೆ ಬಡಿಸಲಿಲ್ಲ.

ಪ್ರೇಮಾ ಕಾರಂತರು 1983ರಲ್ಲಿ ಈ ಕಥೆಯನ್ನು ಚಲನಚಿತ್ರವಾಗಿಸಿದರು.

ಕಥಾನಾಯಕಿಯ ಹಿರಿಮೆಯನ್ನು ಅಳೆಯುವಾಗ ಅವಳು ನಡೆದ ದೂರವನ್ನಷ್ಟೇ ನೋಡಿದರೆ ಸಾಲದು. ಅವಳ ಮುಂದೆ ಯಾವ ದಾರಿಗಳು ತೆರೆದಿದ್ದುವೆಂಬುದನ್ನೂ ನೋಡಬೇಕು.