ಮಂಡಿ ಬದಲಾದ ಮೇಲೆ

ಮಂಡಿ ಬದಲಿಸುವ ಶಸ್ತ್ರಚಿಕಿತ್ಸೆಯಲ್ಲಿ ಇಡೀ ಮಂಡಿಯನ್ನೇ ತೆಗೆದು ಬೇರೆಯದನ್ನು ಜೋಡಿಸುತ್ತಾರೆ ಎಂದು ಅನೇಕರು ತಿಳಿದಿದ್ದಾರೆ. ನಿಜವಾಗಿ ನಡೆಯುವುದು ಅಷ್ಟಲ್ಲ. ತೊಡೆಮೂಳೆಯ ತುದಿ ಮತ್ತು ಕಣಕಾಲಿನ ಮೂಳೆಯ ತಲೆಯಲ್ಲಿ ಸವೆದ ಪದರವನ್ನು ಕೊಯ್ದು, ಅಲ್ಲಿಗೆ ಲೋಹದ ಹೊದಿಕೆ ಕೂರಿಸಿ, ನಡುವೆ ಗಟ್ಟಿ ಪ್ಲಾಸ್ಟಿಕ್ಕಿನ ಬಿಲ್ಲೆ ಇಡುತ್ತಾರೆ. ಸ್ನಾಯು, ನರ, ಚರ್ಮ ಎಲ್ಲವೂ ಹಳೆಯವೇ. ಚೇತರಿಕೆಗೆ ತಿಂಗಳುಗಳು ಹಿಡಿಯುವುದು ಅದಕ್ಕೇ.

ಸೊಂಟದ ಕೀಲಿನ ಕತೆ ತುಸು ಸುಲಭದ್ದು. 1960ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ರೈಟಿಂಗ್ಟನ್ ಆಸ್ಪತ್ರೆಯಲ್ಲಿ ಜಾನ್ ಚಾರ್ನ್ಲಿ ರೂಪಿಸಿದ ವಿಧಾನವೇ ಇಂದಿನ ಸೊಂಟದ ಕೀಲು ಬದಲಾವಣೆಗೆ ತಳಹದಿ. ಗುಂಡು ಮತ್ತು ಬಟ್ಟಲಿನಂಥ ಈ ಕೀಲು ಬದಲಾದ ಕೆಲವೇ ವಾರಗಳಲ್ಲಿ ಹೆಚ್ಚಿನವರು ಹಳೆಯ ನೋವನ್ನು ಮರೆಯುತ್ತಾರೆ. ಮಂಡಿಯ ವಿಷಯ ಹಾಗಲ್ಲ. ಹಲವು ದೇಶಗಳ ಅಧ್ಯಯನಗಳಲ್ಲಿ, ಮಂಡಿ ಬದಲಿಸಿಕೊಂಡ ಐವರಲ್ಲಿ ಸುಮಾರು ಒಬ್ಬರು ಪೂರ್ತಿ ತೃಪ್ತಿಯಿಲ್ಲ ಎಂದೇ ಹೇಳಿದ್ದಾರೆ. ಎಕ್ಸ್‌ರೇಯಲ್ಲಿ ಎಲ್ಲವೂ ಸರಿಯಾಗಿ ಕಂಡರೂ ರೋಗಿಗೆ ಸಮಾಧಾನ ಇಲ್ಲದಿರಬಹುದು. ಆದ್ದರಿಂದಲೇ ಆಕ್ಸ್‌ಫರ್ಡ್ ಸ್ಕೋರ್‌ನಂಥ ಅಳತೆಗಳು ಬಂದವು. ಮೆಟ್ಟಿಲಿಳಿಯಲು ಆಗುತ್ತದೆಯೇ, ರಾತ್ರಿ ನೋವು ಎಬ್ಬಿಸುತ್ತದೆಯೇ ಎಂಬಂಥ 12 ಪ್ರಶ್ನೆಗಳಿಗೆ ರೋಗಿಯೇ ಉತ್ತರಿಸುತ್ತಾರೆ. ಗರಿಷ್ಠ ಅಂಕ 48. ಫಲಿತಾಂಶ ಹೇಗಿದೆಯೆಂದು ರೋಗಿಯನ್ನೇ ಕೇಳುವುದು ನ್ಯಾಯವಾದ ಕ್ರಮ.

ಈಗ ಬಹಳಷ್ಟು ಕಡೆ ಆಪರೇಷನ್ ಆದ ದಿನವೇ, ಇಲ್ಲವೇ ಮರುದಿನ ವಾಕರ್ ಹಿಡಿಸಿ ನಡೆಸುತ್ತಾರೆ. ರಕ್ತ ಹೆಪ್ಪುಗಟ್ಟದಿರಲು ಇದು ಅಗತ್ಯ. ಮೊದಲ ಆರು ವಾರಗಳೇ ಕಷ್ಟದವು: ಬಾವು, ಬಿಗಿತ, ನಿದ್ದೆಗೇಡು. ಈ ದಿನಗಳಲ್ಲಿ ಮನೆಯವರು ಅಕ್ಕರೆಯಿಂದಲೇ ಒಂದು ತಪ್ಪು ಮಾಡುತ್ತಾರೆ. ನೋಯುತ್ತದೆಯೆಂದು ಮಂಡಿಯ ಕೆಳಗೆ ದಿಂಬು ಇಡುತ್ತಾರೆ. ಕಾಲು ಮಡಿಚಿದ ಸ್ಥಿತಿಯಲ್ಲೇ ಬಿಗಿದುಕೊಂಡರೆ ಮುಂದೆ ಅದು ನೇರವಾಗುವುದು ಕಷ್ಟ. ನೇರವಾಗದ ಕಾಲಲ್ಲಿ ನಡೆದರೆ ಕುಂಟು ಉಳಿಯುತ್ತದೆ. ದಿಂಬಿನ ಬದಲು ಸುತ್ತಿದ ಟವೆಲನ್ನು ಹಿಮ್ಮಡಿಯ ಕೆಳಗಿಟ್ಟು, ಮಂಡಿಯನ್ನು ಹಾಸಿಗೆಯತ್ತ ಒತ್ತಿ ಐದಾರು ಎಣಿಸಿ ಬಿಡಬೇಕು. ನೋಡಲು ಚಿಕ್ಕ ವ್ಯಾಯಾಮ, ಆದರೆ ತೊಡೆಯ ಸ್ನಾಯುವಿಗೆ ಬಲ ಬರುವುದು ಇಂಥವುಗಳಿಂದಲೇ. ಫಿಸಿಯೋಥೆರಪಿಯನ್ನು ಅರ್ಧಕ್ಕೆ ಬಿಡುವವರೇ ಮುಂದೆ ಹೆಚ್ಚು ಕೊರಗುತ್ತಾರೆ.

ಬಾವು ಇಳಿಯಲು ಆರು ತಿಂಗಳೂ ಹಿಡಿಯಬಹುದು. ಪೂರ್ಣ ಚೇತರಿಕೆಗೆ ಒಂದು ವರ್ಷ. ಗಾಯದ ಹೊರಬದಿಯಲ್ಲಿ ಚರ್ಮ ಜೋಮು ಹಿಡಿದಂತಿರುವುದು, ನಡೆಯುವಾಗ ಕಟಕಟ ಸದ್ದು ಕೇಳುವುದು ಸಾಮಾನ್ಯ, ಹೆದರಬೇಕಿಲ್ಲ. ಆದರೆ ಜ್ವರ, ಗಾಯದಿಂದ ಕೀವು ಅಥವಾ ನೀರು ಸೋರುವುದು, ಮೀನಖಂಡ ಊದಿ ನೋಯುವುದು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು ಕಂಡರೆ ಒಂದು ದಿನವೂ ಕಾಯದೆ ವೈದ್ಯರ ಬಳಿ ಹೋಗಬೇಕು.

ಅತೃಪ್ತಿಗೆ ನೋವೊಂದೇ ಕಾರಣವಲ್ಲ, ನಿರೀಕ್ಷೆಯೂ ಕಾರಣ. ಚಕ್ಕಳಮಕ್ಕಳ ಹಾಕಿ ಪೂಜೆಗೆ ಕೂರುವುದು, ನೆಲದ ಮೇಲೆ ಊಟ, ಕುಕ್ಕರಗಾಲಲ್ಲಿ ಶೌಚ, ಗದ್ದೆಯಲ್ಲಿ ಬಗ್ಗಿ ಕಳೆ ಕೀಳುವುದು ನಮ್ಮ ದಿನಚರಿಯಲ್ಲಿ ಬೆರೆತಿವೆ. ಬದಲಿಸಿದ ಮಂಡಿ ಸಾಮಾನ್ಯವಾಗಿ 110ರಿಂದ 120 ಡಿಗ್ರಿಯಷ್ಟು ಮಡಿಚುತ್ತದೆ. ಕುರ್ಚಿಗೂ ಮೆಟ್ಟಿಲಿಗೂ ಅದು ಸಾಕು, ಕುಕ್ಕರಗಾಲಿಗೆ ಸಾಲದು. ಮೊದಲೇ ತಿಳಿದಿದ್ದರೆ ಮನೆಯಲ್ಲಿ ಕಮೋಡ್, ಎತ್ತರದ ಕುರ್ಚಿ ಸಿದ್ಧಪಡಿಸಿಕೊಳ್ಳಬಹುದು.

ಬಾಳಿಕೆಯ ಬಗ್ಗೆ ಭಯ ಬೇಡ. 2019ರಲ್ಲಿ ಪ್ರಕಟವಾದ ದೊಡ್ಡ ವಿಶ್ಲೇಷಣೆಯ ಪ್ರಕಾರ, ಪೂರ್ತಿ ಬದಲಿಸಿದ ಮಂಡಿಗಳಲ್ಲಿ ನೂರಕ್ಕೆ ಸುಮಾರು 82 ಹಾಗೂ ಸೊಂಟದ ಕೀಲುಗಳಲ್ಲಿ 58 ಇಪ್ಪತ್ತೈದು ವರ್ಷ ಬಾಳುತ್ತವೆ. 2017ರಲ್ಲಿ ಕೇಂದ್ರ ಸರ್ಕಾರ ಮಂಡಿಯ ಇಂಪ್ಲಾಂಟ್‌ಗಳಿಗೆ ಗರಿಷ್ಠ ಬೆಲೆ ನಿಗದಿ ಮಾಡಿದ ಮೇಲೆ ಖರ್ಚಿನ ಹೊರೆಯೂ ತಗ್ಗಿದೆ. ಆಪರೇಷನ್ನಿನ ದಿನ ಗೊತ್ತುಮಾಡುವ ಮೊದಲು, ತಾವು ಮತ್ತೆ ಮಾಡಲೇಬೇಕೆಂದಿರುವ ಕೆಲಸಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಯಾವುದು ಸಾಧ್ಯ, ಯಾವುದು ಸಾಧ್ಯವಿಲ್ಲ ಎಂದು ವೈದ್ಯರನ್ನು ಬಿಚ್ಚುಮನಸ್ಸಿನಿಂದ ಕೇಳಿ ತಿಳಿದುಕೊಳ್ಳಿ.