ನೂರು ಕಿಲೋ ಪಟ್ಟೆ, ಒಂದು ಕಿಲೋ ನಾರು

ಗೊನೆ ಕಡಿದ ಮೇಲೆ ಬಾಳೆಗಿಡ ರೈತನಿಗೆ ಬರೀ ಭಾರ. ಒಂದು ಗಿಡ ಗೊನೆ ಹಾಕುವುದು ಒಂದೇ ಸಲ. ಆಮೇಲೆ ಅದನ್ನು ಉರುಳಿಸಿ ಬದುವಿಗೆ ಎಳೆದು ಹಾಕಬೇಕು, ಪಕ್ಕದ ಮರಿಗೆ ಜಾಗ ಬಿಡಬೇಕು. ಕೃಷ್ಣೆ, ದೂಧಗಂಗೆ, ವೇದಗಂಗೆಯ ನೀರುಂಡ ಚಿಕ್ಕೋಡಿ, ರಾಯಬಾಗ, ಅಥಣಿ ಸೀಮೆಯಲ್ಲಿ ಇಂಥ ಹೊಲದ ಕಸಕ್ಕೆ ಬರವಿಲ್ಲ. ಕಬ್ಬಿನ ರವದಿ ಇದೆ, ನಿಪ್ಪಾಣಿ ಕಡೆ ತಂಬಾಕಿನ ಕಡ್ಡಿ ಇದೆ. ಇವೆಲ್ಲವನ್ನೂ ನೇಯಬಹುದೇ ಎಂದರೆ, ಆಗದು. ಗಿಡದಲ್ಲಿ ನಾರಿದ್ದರೆ ಸಾಲದು, ಅದು ಉದ್ದಕ್ಕೆ ಬಿಡಿಸಿಕೊಂಡು ಬರಬೇಕು. ಗಾಣದಲ್ಲಿ ನುರಿದ ಕಬ್ಬಿನ ಸಿಪ್ಪೆಯ ನಾರು ಗಿಡ್ಡ. ಕಾಗದಕ್ಕೆ, ರಟ್ಟಿಗೆ ಸರಿ, ಮಗ್ಗಕ್ಕಲ್ಲ.

ಬಾಳೆಯ ಮಾತು ಬೇರೆ. ನಾವು ಕಾಂಡ ಎನ್ನುವುದು ಒಂದನ್ನೊಂದು ತಬ್ಬಿಕೊಂಡ ಎಲೆಬುಡಗಳು, ಅಂದರೆ ಪಟ್ಟೆಗಳು. ಪ್ರತಿ ಪಟ್ಟೆಯಲ್ಲೂ ಬುಡದಿಂದ ತುದಿಯವರೆಗೆ ನಾರಿನ ಎಳೆಗಳಿವೆ. ಎಳೆಯನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ಕಾಣುವುದು ಪುಟ್ಟ ಪುಟ್ಟ ಕೋಶಗಳೇ. ಆದರೆ ಲಿಗ್ನಿನ್, ಪೆಕ್ಟಿನ್‌ಗಳ ಅಂಟು ಅವನ್ನು ಮೀಟರಿಗೂ ಉದ್ದವಾಗಿ ಬೆಸೆದಿರುತ್ತದೆ.

ನಮ್ಮವರಿಗೆ ನಾರು ತೆಗೆಯುವುದು ಹೊಸದೇನಲ್ಲ. ಜೋಳದ ಹೊಲದಲ್ಲಿ ಬೆಳೆದ ಪುಂಡಿಯ ಎಲೆ ಪಲ್ಲೆಗಾದರೆ, ಕಟ್ಟಿಗೆ ಹಳ್ಳದ ನೀರಿಗೆ. ದಿನಗಟ್ಟಲೆ ಕೊಳೆತಾಗ ಬ್ಯಾಕ್ಟೀರಿಯಾಗಳು ಪೆಕ್ಟಿನ್ ತಿಂದು ತೊಗಟೆಯ ನಾರನ್ನು ಸಡಿಲಿಸುತ್ತವೆ. ಹಗ್ಗ, ಕಣ್ಣಿ ಆಗುತ್ತಿದ್ದುದು ಅದರಿಂದ. ಬಾಳೆಗೆ ಆ ಕಾಯುವಿಕೆ ಬೇಡ. ನಾರಿನ ಸುತ್ತ ಇರುವುದು ನೀರು ತುಂಬಿದ ಮೆತ್ತನೆ ತಿರುಳು, ಕೆರೆದರೆ ಸಾಕು.

ನಾರು ತೆಗೆಯುವ ಯಂತ್ರ ಮಾಡುವುದು ಅಷ್ಟನ್ನೇ. ಮೋಟರಿನಿಂದ ತಿರುಗುವ ಡ್ರಮ್ಮು, ಅದರ ಮೈಮೇಲೆ ಉಕ್ಕಿನ ಮೊಂಡು ಪಟ್ಟಿಗಳು, ಎದುರಿಗೆ ಅಲುಗಾಡದ ಒಂದು ಆಸರೆ. ಪಟ್ಟೆಯ ಅರ್ಧವನ್ನು ಸಂದಿಯೊಳಗೆ ಬಿಟ್ಟು ಹಿಂದಕ್ಕೆಳೆದರೆ ತಿರುಳು ಕೆಳಗೆ ಉದುರಿ ನಾರು ಕೈಯಲ್ಲಿ ಉಳಿಯುತ್ತದೆ. ಆಮೇಲೆ ತುದಿ ಬದಲಿಸಿ ಇನ್ನರ್ಧ. ಪಟ್ಟಿಗೆ ಅಲಗು ಇರಕೂಡದು, ಇದ್ದರೆ ನಾರೇ ತುಂಡು. ಕಸುಬೆಲ್ಲ ಆ ಸಂದಿಯಲ್ಲಿದೆ: ಬಿಗಿಯಾದರೆ ನಾರು ಹರಿಯುತ್ತದೆ, ಸಡಿಲಾದರೆ ತಿರುಳು ಅಂಟಿಕೊಂಡೇ ಬರುತ್ತದೆ. ಕೈ ಒಳಗೆಳೆಯದಂತೆ ಕಾಪು ಇಲ್ಲದ ಯಂತ್ರವನ್ನು ಅಗ್ಗಕ್ಕೆ ಸಿಕ್ಕಿತೆಂದು ತರಬಾರದು. ತೆಗೆದ ನಾರನ್ನು ಕೂಡಲೇ ತೊಳೆದು ಒಣಗಿಸಬೇಕು. ಬಟ್ಟೆಗೆ ತಾಗಿದರೆ ಹೋಗದ ಬಾಳೆಯ ಕರೆ ನಾರನ್ನೂ ಕಂದು ಮಾಡುತ್ತದೆ.

ಈ ನಾರು ಗಟ್ಟಿ, ಆದರೆ ಬಿರುಸು. ಹತ್ತಿಯಂತೆ ಸುಲಭಕ್ಕೆ ನೂಲಾಗದು. ಅದಕ್ಕೇ ಹಲವರು ಹಾಸುನೂಲಿಗೆ ಹತ್ತಿ, ಹೊಕ್ಕುನೂಲಿಗೆ ಬಾಳೆ ಹಾಕಿ ನೇಯುತ್ತಾರೆ. ಜಪಾನಿನ ಓಕಿನಾವಾದಲ್ಲಿ ಬಾಳೆನಾರಿನದೇ ಬಟ್ಟೆಯುಂಟು, ಹೆಸರು ಬಾಶೋಫು. ಒಂದು ಕಿಮೋನೋಗೆ ಸುಮಾರು 200 ಗಿಡ ಬೇಕಂತೆ! ತುಂಗಭದ್ರೆಯ ದಡದ ಆನೆಗೊಂದಿಯ ಹೆಣ್ಣುಮಕ್ಕಳು ಅಂಥ ಸಾಹಸಕ್ಕೆ ಹೋಗಿಲ್ಲ. ಕಿಷ್ಕಿಂದಾ ಟ್ರಸ್ಟ್ ಜೊತೆ ಸೇರಿ ಬಾಳೆನಾರನ್ನು ಹೊಸೆದು ಚೀಲ, ಬುಟ್ಟಿ, ಚಾಪೆ ಮಾಡುತ್ತಾರೆ. ನನಗೆ ಅದೇ ಜಾಣತನ ಅನ್ನಿಸುತ್ತದೆ.

ಇನ್ನು ಲೆಕ್ಕ. ನೂರು ಕಿಲೋ ಕಬ್ಬಿಗೆ ಸುಮಾರು 10 ಕಿಲೋ ಸಕ್ಕರೆ ಬರುವುದರಿಂದಲೇ ಟ್ರ್ಯಾಕ್ಟರಿಗೆ ಎರಡೆರಡು ಟ್ರೇಲರ್ ಕಟ್ಟಿ ಕಾರ್ಖಾನೆಗೆ ಸಾಗಿಸುವುದು ಗಿಟ್ಟುತ್ತದೆ. ಬಾಳೆಯಲ್ಲಿ ನಾರಿನ ರಿಕವರಿ ನೂರಕ್ಕೆ ಒಂದರ ಆಸುಪಾಸು, ಮಿಕ್ಕದ್ದು ಬಹುಪಾಲು ನೀರು. ಆ ನೀರಿಗೆ ಡೀಸೆಲ್ ಸುಟ್ಟು ಕಾರ್ಖಾನೆಗೆ ಸಾಗಿಸಿದರೆ ನಾರಿನ ದುಡ್ಡು ದಾರಿಯಲ್ಲೇ ಮುಗಿಯುತ್ತದೆ. ಸಕ್ಕರೆ ಸೀಮೆಯ ರೂಢಿ ಇಲ್ಲಿ ತಿರುಗುಮುರುಗಾಗಬೇಕು: ಯಂತ್ರವೇ ತೋಟದ ಬದುವಿಗೆ ಹೋಗಬೇಕು, ಒಣಗಿದ ನಾರಷ್ಟೇ ಊರಿಗೆ ಬರಬೇಕು.

ಹಾಗಾದಾಗ ಉದುರಿದ ತಿರುಳೂ ತೋಟದಲ್ಲೇ ಉಳಿದು ಎರೆಗೊಬ್ಬರವಾಗುತ್ತದೆ. ಹಿಂಡಿದ ರಸದಲ್ಲಿ ಪೊಟ್ಯಾಶ್ ಇದೆ. ಗುಜರಾತಿನ ನವಸಾರಿ ಕೃಷಿ ವಿಶ್ವವಿದ್ಯಾಲಯದವರು ಅದರಿಂದ ಬೆಳೆಗೆ ಸಿಂಪಡಿಸುವ ದ್ರವಗೊಬ್ಬರವನ್ನೇ ಮಾಡಿದ್ದಾರೆ.