ಮೊಳೆಗೆ ಚುಚ್ಚಿದ ಸುದ್ದಿ

ಕಿರಾಣಿ ಅಂಗಡಿಯ ಗಲ್ಲಾ ಪಕ್ಕ ಚೀಟಿ ಚುಚ್ಚಿಡುವ ಮೊಳೆಯನ್ನು ನೋಡದವರಿಲ್ಲ. ಕಳೆದ ವಾರ ಮೈಸೂರಿನಲ್ಲಿ, ನಿವೃತ್ತ ಚೀಫ್ ಸಬ್ ಎಡಿಟರ್ ಒಬ್ಬರ ಮನೆಯಲ್ಲಿ ಅಂಥದ್ದೇ ಒಂದು ಸಿಕ್ಕಿತು. ಗೇಣುದ್ದದ ಕಬ್ಬಿಣದ ಮೊಳೆ, ತಳಕ್ಕೆ ಭಾರದ ಮರದ ದಿಮ್ಮಿ. ಹಳೇ ಡೆಸ್ಕಿನ ಭಾಷೆಯಲ್ಲಿ ಇದು ಸ್ಪೈಕ್. ಅಚ್ಚಿಗೆ ಹೋಗದ ಸುದ್ದಿಯೆಲ್ಲ ಇದಕ್ಕೆ.

ಇದರ ಚಂದವೇ ಬೇರೆ. ಕಸದ ಬುಟ್ಟಿಯ ಹಾಗೆ ನುಂಗುವುದಿಲ್ಲ, ಕಾದಿಡುತ್ತದೆ. ರಾತ್ರಿ ಹನ್ನೊಂದಕ್ಕೆ ಜಾಹೀರಾತು ರದ್ದಾಗಿ ಪುಟ ಖಾಲಿ ಬಿದ್ದರೆ, ಚುಚ್ಚಿದ್ದನ್ನೇ ಕಿತ್ತು ಕಂಪೋಸಿಂಗಿಗೆ ಕಳಿಸಬಹುದು. ಬೆಳಗಿನದು ತಳದಲ್ಲಿ, ರಾತ್ರಿಯದು ಮೇಲೆ. ಅವಸರದಲ್ಲಿ ಚುಚ್ಚಿಕೊಂಡ ಗುರುತು ಹಿರಿಯರ ಅಂಗೈಯಲ್ಲಿ ಇನ್ನೂ ಇದೆ.

ಮೊಳೆಯಲ್ಲಿ ಉಳಿದಿದ್ದ ನಾಲ್ಕು ಹಾಳೆಗಳ ಅಂಚಿನಲ್ಲಿ ಕೆಂಪು ಶಾಯಿ. 'ಮೂಲ ಒಂದೇ.' ಸರಿ, ಇನ್ನೊಬ್ಬರು ಹೌದೆನ್ನುವ ತನಕ ತಡೆಯಲೇಬೇಕು. 'ಹುಡುಗಿ ಯಾರೆಂದು ಗೊತ್ತಾಗುತ್ತೆ.' ಅತ್ಯಾಚಾರ ಸಂತ್ರಸ್ತೆಯ ಗುರುತು ಬಯಲು ಮಾಡಿದರೆ ಎರಡು ವರ್ಷದವರೆಗೆ ಜೈಲು. 1983ರಿಂದ ಐಪಿಸಿ 228ಎ, ಈಗ ಬಿಎನ್‌ಎಸ್‌ 72. 'ಗಲಾಟೆ ತಣ್ಣಗಾಗಲಿ.' ಇದನ್ನೂ ಒಪ್ಪೋಣ. ನಾಲ್ಕನೆಯದರಲ್ಲಿ ಬರೀ 'ನಾಳೆ ನೋಡೋಣ.' ನನಗೆ ಅನುಮಾನ ಬಂದದ್ದು ಇಲ್ಲೇ.

ದೊಡ್ಡ ಪತ್ರಿಕೆಗಳೂ 'ನಾಳೆ' ಅಂದಿವೆ. ಕ್ಯೂಬಾ ಮೇಲೆ ಅಮೆರಿಕ ಹೂಡಿದ್ದ ದಾಳಿಯ ಸುಳಿವು ಹಿಡಿದಿದ್ದ ನ್ಯೂಯಾರ್ಕ್ ಟೈಮ್ಸ್, 1961ರ ಏಪ್ರಿಲ್ 7ರಂದು ಆ ವರದಿಯಿಂದ 'ಸದ್ಯದಲ್ಲೇ' ಎಂಬುದನ್ನು ತೆಗೆದು, ತಲೆಬರಹವನ್ನು ಒಂದೇ ಕಾಲಮ್ಮಿಗೆ ಇಳಿಸಿತು. ಹತ್ತೇ ದಿನಕ್ಕೆ ದಾಳಿ ನಡೆದು ಮುಗ್ಗರಿಸಿತು. ಪೂರ್ತಿ ಬರೆದಿದ್ದರೆ ನಾವೇ ಬಚಾವಾಗುತ್ತಿದ್ದೆವು ಎಂದು ಆ ಪತ್ರಿಕೆಯ ಸಂಪಾದಕರ ಬಳಿ ಆಮೇಲೆ ಹೇಳಿಕೊಂಡವರು ಅಧ್ಯಕ್ಷ ಕೆನಡಿ! ಆದರೂ 2004ರಲ್ಲಿ ಅದೇ ಪತ್ರಿಕೆ, ವಾರಂಟ್ ಇಲ್ಲದೆ ಸರ್ಕಾರ ಫೋನು ಕದ್ದಾಲಿಸುವ ಸುದ್ದಿಯನ್ನು ಶ್ವೇತಭವನದ ಮಾತು ಕೇಳಿ ತಡೆಹಿಡಿಯಿತು. ಅದು ಅಚ್ಚಾಗಿದ್ದು 2005ರ ಡಿಸೆಂಬರ್ 16ಕ್ಕೆ. ನಡುವೆ ಒಂದು ಅಧ್ಯಕ್ಷೀಯ ಚುನಾವಣೆಯೇ ಮುಗಿದಿತ್ತು.

ಕರುಣೆಯಿಂದ ಚುಚ್ಚಿದರೂ ಅಂಜಿಕೆಯಿಂದ ಚುಚ್ಚಿದರೂ ಹಾಳೆಗೆ ಬೀಳುವ ತೂತು ಒಂದೇ.

'ನಾಳೆ ನೋಡಿದ್ರಾ ಸಾರ್?' ಎಂದು ಕೇಳಿದೆ. ಹಿರಿಯರು ಹಾಳೆಯ ಸುಕ್ಕು ನೀವಿದರು. 'ಕೆರೆ ಒತ್ತುವರಿ ಸುದ್ದಿ ಕಣಪ್ಪ. ಈಗಲ್ಲಿ ಲೇಔಟ್ ಆಗಿದೆ. ಸೈಟುಗಳ ಜಾಹೀರಾತು ನಮ್ಮ ಪೇಪರಿನಲ್ಲೇ ಬಂತು. ಅರ್ಧ ಪುಟ.'